ಡೈಮಂಡ್ ಕಟ್ ರಿಮ್: ಪಾಲಿಶ್‌ಗೆ ಮೊದಲು ಕ್ಲಿಯರ್ ಕೋಟ್ ತೆಗೆಯುವ ಬಗೆ

ಉಡುಪಿಯಿಂದ ಕೇಳಿದ ಸರ್‌ಗೆ ಈ ಉತ್ತರ. ಡೈಮಂಡ್ ಕಟ್ ಅಲಾಯ್ ರಿಮ್ ಮೇಲೆ ಬಿಳಿ ಬೇರಿನಂಥ ಗೆರೆ ಹರಡಿದೆ, ಮೆಟಲ್ ಪಾಲಿಶ್ ಹಾಕಿ ಎಷ್ಟು ಉಜ್ಜಿದರೂ ಹೋಗುತ್ತಿಲ್ಲ ಅಂದಿದ್ದೀರಿ. ಉಜ್ಜಿದರೆ ಹೋಗುವಂಥದ್ದಲ್ಲ ಅದು. ಕಲ್ಲು ಬಡಿದೋ ಫುಟ್‌ಪಾತ್ ಅಂಚಿಗೆ ಉಜ್ಜಿಯೋ ಕ್ಲಿಯರ್ ಕೋಟ್ (ಲೋಹದ ಮೇಲಿನ ಪಾರದರ್ಶಕ ರಕ್ಷಣಾ ಲೇಪ) ಒಂದು ಕಡೆ ಒಡೆದಿರುತ್ತದೆ. ಅಲ್ಲಿಂದ ನೀರು, ಕಡಲ ಉಪ್ಪು ಒಳಗೆ ಇಳಿದು ಕೋಟ್‌ಗೂ ಅಲ್ಯೂಮಿನಿಯಂಗೂ ನಡುವೆ ತೆವಳುತ್ತಾ ಹೋಗುತ್ತದೆ. ನಿಮ್ಮ ಪಾಲಿಶ್ ಮೇಲಿನ ಕೋಟ್ ಮೇಲಷ್ಟೇ ಓಡಾಡುತ್ತಿದೆ.

ಕೋಟ್ ಇದೆಯೋ ಇಲ್ಲವೋ ತಿಳಿಯಲು ಬಿಳಿ ಬಟ್ಟೆಗೆ ಸ್ವಲ್ಪ ಮೆಟಲ್ ಪಾಲಿಶ್ ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಬರಿ ಅಲ್ಯೂಮಿನಿಯಂ, ಕಪ್ಪಾಗದಿದ್ದರೆ ಕೋಟ್ ಇನ್ನೂ ಇದೆ. ಕೆಲಸದ ಉದ್ದಕ್ಕೂ ಇದೇ ನಿಮ್ಮ ಅಳತೆ. ಕ್ರೋಮ್ ಪ್ಲೇಟಿಂಗ್ ಇರುವ ರಿಮ್ ಆದರೆ ಇಲ್ಲಿ ಹೇಳುವುದು ಯಾವುದೂ ಅನ್ವಯಿಸುವುದಿಲ್ಲ, ಅದಕ್ಕೆ ಮರಳು ಕಾಗದ ಮುಟ್ಟಿಸಬೇಡಿ.

ಕೋಟ್ ತೆಗೆಯಲು ರಿಮ್ ಅನ್ನು ಕಾಸ್ಟಿಕ್ ಸೋಡಾ ನೀರಿನಲ್ಲಿ ಅದ್ದಿ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಬೇಡ. ಕಾಸ್ಟಿಕ್ ಅಲ್ಯೂಮಿನಿಯಂ ಅನ್ನೇ ಕರಗಿಸುತ್ತದೆ, ಹೈಡ್ರೋಜನ್ ಗುಳ್ಳೆ ಏಳುತ್ತದೆ, ಮೈ ಕಪ್ಪಾಗಿ ಗುಳಿ ಬೀಳುತ್ತದೆ. ಡ್ರೈನ್ ಕ್ಲೀನರ್, ಓವನ್ ಕ್ಲೀನರ್‌ಗಳಲ್ಲೂ ಸಾಮಾನ್ಯವಾಗಿ ಇದೇ ಇರುತ್ತದೆ. ಬಿಸಿ ಮಾಡಿ ಸುಡುವುದೂ ತಪ್ಪು. ಈ ರಿಮ್‌ಗಳಿಗೆ ಬಲ ಬಂದಿರುವುದೇ ಹೀಟ್ ಟ್ರೀಟ್‌ಮೆಂಟ್‌ನಿಂದ. ಕಬ್ಬಿಣದ ಸಾಮಾನಿಗೆ ಬಣ್ಣ ಸುಡುವ ಭಟ್ಟಿಯಲ್ಲಿಟ್ಟರೆ ಆ ಬಲ ಹೋಗುತ್ತದೆ, ಕಣ್ಣಿಗೆ ಮಾತ್ರ ಏನೂ ಕಾಣುವುದಿಲ್ಲ.

ಕೈ ಹಾಕುವ ಮೊದಲು ಒಂದು ತೀರ್ಮಾನ ಬೇಕು. ಡೈಮಂಡ್ ಕಟ್ ರಿಮ್‌ನಲ್ಲಿ ಮುಂಭಾಗ ಲೇತ್‌ನಲ್ಲಿ ಕೆತ್ತಿದ ಬರಿ ಲೋಹ, ಸ್ಪೋಕ್‌ಗಳ ನಡುವಿನ ತಗ್ಗು ಕಪ್ಪೋ ಬೂದಿಯೋ ಬಣ್ಣ, ಎರಡರ ಮೇಲೂ ಒಂದೇ ಕ್ಲಿಯರ್ ಕೋಟ್. ಪೇಂಟ್ ರಿಮೂವರ್ ಹಚ್ಚಿದರೆ ತಗ್ಗಿನ ಬಣ್ಣವೂ ಎದ್ದು ಬರುತ್ತದೆ. ಮಾಸ್ಕಿಂಗ್ ಟೇಪ್ ಅದರ ಮುಂದೆ ನಿಲ್ಲುವುದಿಲ್ಲ. ಆದ್ದರಿಂದ ತಗ್ಗಿನ ಬಣ್ಣ ಚೆನ್ನಾಗಿದ್ದು ಸ್ಪೋಕ್ ಚಪ್ಪಟೆ ಇದ್ದರೆ ರಿಮೂವರ್ ಬಿಟ್ಟೇಬಿಡಿ. ರಬ್ಬರ್ ಬ್ಲಾಕ್‌ಗೆ 320 ನಂಬರಿನ ವಾಟರ್ ಪೇಪರ್ (ನೀರು ಹಾಕಿ ತಿಕ್ಕುವ ಮರಳು ಕಾಗದ, ನಂಬರ್ ಹೆಚ್ಚಿದಷ್ಟೂ ನುಣುಪು) ಸುತ್ತಿ, ಸೋಪು ನೀರು ಹಾಕಿಕೊಂಡು ಮುಂಭಾಗದ ಕೋಟನ್ನಷ್ಟೇ ತಿಕ್ಕಿ ತೆಗೆಯಿರಿ. ನಿಧಾನ, ಆದರೆ ಬಣ್ಣ ಮತ್ತು ಲೋಹ ಕೂಡುವ ಗೆರೆ ಚೂಪಾಗಿ ಉಳಿಯುತ್ತದೆ. ಎರಡು ದಾರಿಯಲ್ಲೂ ಲೇತ್‌ನ ಸಣ್ಣ ಗೆರೆಗಳು ಉಳಿಯುವುದಿಲ್ಲ, ಸಿಗುವುದು ಕನ್ನಡಿ ಹೊಳಪು. ಆ ಗೆರೆಗಳೇ ಬೇಕೆಂದರೆ ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಲೇತ್‌ಗೆ ಕೊಡಬೇಕು. ಪ್ರತಿ ಸಲವೂ ಲೋಹ ತೆಳುವಾಗುವುದರಿಂದ ಅದನ್ನು ಮತ್ತೆ ಮತ್ತೆ ಮಾಡಿಸುವಂತಿಲ್ಲ.

ತಗ್ಗಿನ ಬಣ್ಣವೂ ಹಾಳಾಗಿದ್ದರೆ, ಅಥವಾ ವಿನ್ಯಾಸ ಸುರುಳಿ ಸುರುಳಿಯಾಗಿದ್ದರೆ, ರಿಮೂವರ್ ಸರಿ. ಟಯರ್ ಬಿಚ್ಚಿಸಿ, ವಾಲ್ವ್, ಸೆಂಟರ್ ಕ್ಯಾಪ್, ಬ್ಯಾಲೆನ್ಸಿಂಗ್ ತೂಕ ತೆಗೆಯಿರಿ. ಟಯರ್ ಕೂರುವ ಬೀಡ್ ಜಾಗಕ್ಕೆ, ನಟ್ ಕೂರುವ ತೂತುಗಳಿಗೆ ರಿಮೂವರ್ ಬೇಡ. ಬೀಡ್ ಜಾಗದ ಕೋಟ್ ಹೋದರೆ ಅಲ್ಲಿ ತುಕ್ಕು ಕಟ್ಟಿ ಗಾಳಿ ಇಳಿಯತೊಡಗುತ್ತದೆ. ನೆರಳಿನಲ್ಲಿ, ತೆರೆದ ಜಾಗದಲ್ಲಿ ಮಾಡಿ. ಬಿಸಿಲಿಗೆ ಇಟ್ಟರೆ ರಿಮೂವರ್ ಜೆಲ್ ಕೆಲಸ ಮಾಡುವ ಮೊದಲೇ ಒಣಗುತ್ತದೆ. ಬ್ರಷ್ಷಿನಲ್ಲಿ 2-3 ಮಿ.ಮೀ. ದಪ್ಪಕ್ಕೆ ಒಂದೇ ದಿಕ್ಕಿನಲ್ಲಿ ಇಡಿ, ಬಣ್ಣ ಬಳಿದ ಹಾಗೆ ಹಿಂದೆ ಮುಂದೆ ಎಳೆಯಬೇಡಿ. ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಮುಚ್ಚಿ. ಮೀಥೈಲೀನ್ ಕ್ಲೋರೈಡ್ ಇರುವ ಜೆಲ್ ಆದರೆ 15-30 ನಿಮಿಷದಲ್ಲಿ ಕೋಟ್ ಸುಕ್ಕುಗಟ್ಟುತ್ತದೆ. ಬೆಂಜೈಲ್ ಆಲ್ಕೊಹಾಲ್ ಆಧಾರದ್ದು ಆದರೆ ಕೆಲವು ಗಂಟೆ, ಒಮ್ಮೊಮ್ಮೆ ಇಡೀ ರಾತ್ರಿ. ಪೌಡರ್ ಕೋಟ್ (ಪುಡಿ ಸಿಂಪಡಿಸಿ ಕಾಯಿಸಿ ಕೂರಿಸಿದ ಗಟ್ಟಿ ಲೇಪ) ಆಗಿದ್ದರೆ ಎರಡು ಮೂರು ಸಲ ಹಚ್ಚಬೇಕಾದೀತು.

ಮೀಥೈಲೀನ್ ಕ್ಲೋರೈಡ್ ವಿಷಯದಲ್ಲಿ ಉದಾಸೀನ ಬೇಡ. ಅದರ ಆವಿ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ನಿಲ್ಲುತ್ತದೆ. ನೀವು ಬಗ್ಗಿ ಕೆಲಸ ಮಾಡುವುದೂ ಅಲ್ಲೇ. ದೇಹದೊಳಗೆ ಅದು ಕಾರ್ಬನ್ ಮೊನಾಕ್ಸೈಡ್ ಆಗುತ್ತದೆ. ಅಮೆರಿಕದಲ್ಲಿ 2019ರಿಂದ ಇಂಥ ರಿಮೂವರ್ ಅನ್ನು ಮನೆಬಳಕೆಗೆ ಮಾರುವಂತಿಲ್ಲ. ಬಟ್ಟೆ ಮಾಸ್ಕ್ ಏನೂ ತಡೆಯದು. ನೈಟ್ರೈಲ್ ಗ್ಲೌಸ್ ಮೂಲಕ ಕೆಲವೇ ನಿಮಿಷದಲ್ಲಿ ಒಳಗೆ ಬರುತ್ತದೆ. ಚೆನ್ನಾಗಿ ತಡೆಯುವುದು ಪ್ಲಾಸ್ಟಿಕ್ ಪದರಗಳ ಲ್ಯಾಮಿನೇಟ್ ಗ್ಲೌಸ್. ಕಣ್ಣಿಗೆ ಕನ್ನಡಕ ಕಡ್ಡಾಯ.

ಎದ್ದ ಕೋಟನ್ನು ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಲ್ಲಿ ತೆಗೆದು, ಮೂಲೆಗೆ ನೈಲಾನ್ ಬ್ರಷ್ ಬಳಸಿ, ಸೋಪು ನೀರಿನಲ್ಲಿ ಎರಡು ಸಲ ತೊಳೆಯಿರಿ. ಕಬ್ಬಿಣದ ತಂತಿ ಬ್ರಷ್ ಅಥವಾ ಸ್ಟೀಲ್ ವುಲ್ ಬೇಡ. ಕಬ್ಬಿಣದ ಚೂರು ಮೆದು ಲೋಹದಲ್ಲಿ ಸಿಕ್ಕಿಕೊಂಡು ಆಮೇಲೆ ಕಂದು ಚುಕ್ಕೆಯಾಗಿ ಏಳುತ್ತದೆ. ಮರಳು ಬ್ಲಾಸ್ಟಿಂಗ್ ಕೂಡ ಬೇಡ, ಆ ಒರಟನ್ನು ಇಳಿಸಲು ಮತ್ತೆ 120ರಿಂದ ತಿಕ್ಕಬೇಕಾಗುತ್ತದೆ.

ಇನ್ನು ಪೇಪರ್ ಕೆಲಸ. ಪಾಲಿಶ್ ಕೆಡುವುದು ಹೆಚ್ಚಾಗಿ ಇಲ್ಲೇ. ಬಿಳಿ ಬೇರು ಲೋಹದಲ್ಲಿ ಸಣ್ಣ ಗುಳಿ ಮಾಡಿರುತ್ತದೆ. ಅದು ಪೂರ್ತಿ ಹೋಗುವವರೆಗೆ 320ರಲ್ಲೇ ಇರಿ, ಫುಟ್‌ಪಾತ್ ಗೀರು ಇದ್ದ ಕಡೆ 240ರಿಂದ ಶುರುಮಾಡಿ. ಆಮೇಲೆ 400, 600, 800, 1000, 1500, 2000. ಪ್ರತಿ ಹಂತದಲ್ಲೂ ಹಿಂದಿನದಕ್ಕೆ ಅಡ್ಡ ದಿಕ್ಕಿನಲ್ಲಿ ತಿಕ್ಕಿ, ಹಿಂದಿನ ಗೀರು ಒಂದೂ ಉಳಿಯದ ಮೇಲೆ ರಿಮ್, ಬ್ಲಾಕ್, ಕೈ ಮೂರನ್ನೂ ತೊಳೆದು ಮುಂದಕ್ಕೆ ಹೋಗಿ. 400ರಿಂದ 1000ಕ್ಕೆ ಹಾರಿದರೆ ನೆರಳಿನಲ್ಲಿ ಚೆನ್ನಾಗಿ ಕಾಣುತ್ತದೆ, ಬಿಸಿಲಿಗೆ ತಂದಾಗ ಗೀರು ಎದ್ದು ನಿಲ್ಲುತ್ತದೆ.

ಬಫ್‌ಗೆ (ಹೊಳಪು ಕೊಡುವ ಬಟ್ಟೆ ಚಕ್ರ) ಕಂದು ಟ್ರಿಪೋಲಿ ಕಂಪೌಂಡ್, ಅಂದರೆ ಉಜ್ಜುವ ಮುಲಾಮು, ನಂತರ ಬೇರೆಯೇ ಬಫ್‌ನಲ್ಲಿ ಬಿಳಿ ಕಂಪೌಂಡ್. ವೇಗ ಇಳಿಸಲಾಗದ ಆ್ಯಂಗಲ್ ಗ್ರೈಂಡರ್ ಬೇಡ, ನಿಮಿಷಕ್ಕೆ 11,000 ಸುತ್ತಿನಲ್ಲಿ ಲೋಹ ಸುಟ್ಟು ಮಬ್ಬಾಗುತ್ತದೆ. 2,000-3,000 ಸಾಕು. ಬಫ್ ಯಾವಾಗಲೂ ಅಂಚಿನಿಂದ ಹೊರಕ್ಕೆ ತಿರುಗುವಂತೆ ಹಿಡಿಯಿರಿ. ಉಳಿದ ಜಿಡ್ಡಿಗೆ ಕಾರ್ನ್ ಫ್ಲೋರ್ ಉದುರಿಸಿ ಮೆತ್ತನೆ ಬಟ್ಟೆಯಲ್ಲಿ ಒರೆಸಿ.

ಮತ್ತೆ ಕ್ಲಿಯರ್ ಕೋಟ್ ಹೊಡೆಸಬೇಕೇ ಎಂದೂ ಕೇಳಿದ್ದೀರಿ. ಕನ್ನಡಿಯಷ್ಟು ನುಣುಪಾದ ಮೈಗೆ ಅದು ಸರಿಯಾಗಿ ಹಿಡಿಯುವುದಿಲ್ಲ, ಅದೇ ಬಿಳಿ ಬೇರು ಮತ್ತೆ ಬರುತ್ತದೆ. ಬರಿ ಬಿಟ್ಟು ವೀಲ್ ವ್ಯಾಕ್ಸ್ ಅಥವಾ ಸೀಲಂಟ್ ಹಚ್ಚುವುದೇ ಮೇಲು. ಆದರೆ ನಿಮ್ಮ ಕಡಲ ಗಾಳಿಗೆ ಮೂರು ನಾಲ್ಕು ವಾರಕ್ಕೊಮ್ಮೆ ಹಚ್ಚಲೇಬೇಕು, ಮಳೆಗಾಲದಲ್ಲಿ ಇನ್ನೂ ಬೇಗ. ವಾಷಿಂಗ್ ಸೆಂಟರ್‌ನವರಿಗೆ ಆ್ಯಸಿಡ್ ವೀಲ್ ಕ್ಲೀನರ್ ಮುಟ್ಟಿಸಬೇಡಿ ಎಂದು ಮೊದಲೇ ಹೇಳಿ, ಒಂದೇ ಸಲಕ್ಕೆ ಹೊಳಪು ಮಬ್ಬಾಗುತ್ತದೆ. ಇಷ್ಟು ನಿಗಾ ಆಗದು ಅನ್ನಿಸಿದರೆ ಪಾಲಿಶ್ ಬಿಟ್ಟು ಬಣ್ಣವನ್ನೇ ಹೊಡೆಸಿ.

ಟಯರ್ ಹಾಕಿದ ಮೇಲೆ ಬ್ಯಾಲೆನ್ಸಿಂಗ್ ಹೊಸದಾಗಿ ಮಾಡಿಸಿ. ನಟ್‌ಗಳನ್ನು ಕಾರಿನ ಕೈಪಿಡಿಯಲ್ಲಿರುವ ಟಾರ್ಕ್‌ಗೆ (ಬಿಗಿತದ ಅಳತೆ) ಬಿಗಿದು, 50-100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ನೋಡಿ.