ಸಾಕು ಅನ್ನುವುದು ಪಾಪವಾ?

ಪ್ರಶ್ನೆ: ಮಂಗಳೂರಿನವಳು, ಬೆಂಗಳೂರಿನ ಪೀಜಿಯಲ್ಲಿದ್ದೇನೆ. ರಾತ್ರಿ ಎರಡರವರೆಗೆ ರೂಮ್‌ಮೇಟ್‌ ಅಳು ಕೇಳಿಸಿಕೊಂಡು ಬೆಳಿಗ್ಗೆ ಆಫೀಸಲ್ಲಿ ತೂಕಡಿಸುತ್ತೇನೆ. ಸಾಕು ಅಂದರೆ ನಾನೆಂಥ ಕ್ರೈಸ್ತಳು?

ಉತ್ತರ: ಲೂಕನ ಸುವಾರ್ತೆಯ 10ನೇ ಅಧ್ಯಾಯ ಇನ್ನೊಮ್ಮೆ ಓದಿ. ಯೇಸು ಹೇಳಿದ ಆ ಕಥೆಯಲ್ಲಿ ಸಮಾರ್ಯ ಪ್ರಾಂತ್ಯದವನೊಬ್ಬ, ಕಳ್ಳರು ಹೊಡೆದು ದಾರಿಯಲ್ಲಿ ಬಿಟ್ಟುಹೋಗಿದ್ದವನ ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿ, ತನ್ನ ಪ್ರಾಣಿಯ ಮೇಲೆ ಕೂರಿಸಿ ಛತ್ರಕ್ಕೆ ಕರೆದೊಯ್ದು ನೋಡಿಕೊಂಡ. ಮರುದಿನ? ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ ಕೊಟ್ಟು, ಹೆಚ್ಚು ಖರ್ಚಾದರೆ ವಾಪಸ್ ಬರುವಾಗ ಕೊಡುತ್ತೇನೆ ಅಂದು ಹೊರಟ. (ಆ ಛತ್ರದವನ ಬಗ್ಗೆ ಪ್ರವಚನದಲ್ಲಿ ಯಾರೂ ಜಾಸ್ತಿ ಹೇಳುವುದಿಲ್ಲ, ಪಾಪ!) ನಿಮಗೂ ಅಂಥವರೊಬ್ಬರು ಬೇಕು ಅಲ್ವಾ? ಟೆಲಿ ಮಾನಸ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 14416. ಉಚಿತ, ರಾತ್ರಿಯೂ ಸಿಗುತ್ತಾರೆ. ಸುಮ್ನೆ ನಂಬರ್ ಕೊಟ್ಟು ಕೈತೊಳೆದುಕೊಳ್ಳಬೇಡಿ, ಮೊದಲ ಕರೆಗೆ ಪಕ್ಕದಲ್ಲೇ ಕೂತಿರಿ. ಆಮೇಲೆ ಹನ್ನೊಂದಕ್ಕೆ ಲೈಟ್ ಆರಿಸಿ ಮಲಗಿ.