ತಳಿ ಆಯ್ಕೆಯಿಂದ ಬ್ರಾಯ್ಲರ್ ಕೋಳಿಯ ಸ್ನಾಯುಗಳು ಯಾಕೆ ಹಾಳಾಗುತ್ತವೆ?

ಎದೆಯ ಸ್ನಾಯು ದಪ್ಪಗಾಗುವ ವೇಗಕ್ಕೆ ಅದಕ್ಕೆ ರಕ್ತ ಒದಗಿಸುವ ನಾಳಗಳು ಹೊಂದಿಕೊಳ್ಳುವುದಿಲ್ಲ. ಮೂಲ ತೊಂದರೆ ಬಹುಮಟ್ಟಿಗೆ ಇದೇ ಎಂದು ಸಂಶೋಧಕರ ಅಂದಾಜು.

ಬೇಗ ಬೆಳೆಯುವ, ಎದೆಮಾಂಸ ಹೆಚ್ಚಿರುವ ಕೋಳಿಗಳನ್ನೇ ಆರಿಸಿ ಪೀಳಿಗೆಯಿಂದ ಪೀಳಿಗೆಗೆ ಮರಿ ಮಾಡಿಸುತ್ತಾ ಬಂದಿದ್ದಾರೆ. ಇದರ ಪರಿಣಾಮ ಸಣ್ಣದಲ್ಲ. ಕೆನಡಾದ ಅಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿಯನ್ನೂ 2005ರ ತಳಿಯನ್ನೂ ಒಂದೇ ಆಹಾರ ಕೊಟ್ಟು ಸಾಕಿ ನೋಡಿದರು. 56 ದಿನಕ್ಕೆ ಹಳೆಯದು ಸುಮಾರು 900 ಗ್ರಾಂ ತೂಗಿದರೆ, ಹೊಸದು 4 ಕಿಲೋ ದಾಟಿತ್ತು!

ಸ್ನಾಯು ಅಂದರೆ ಸಣ್ಣ ಎಳೆಗಳ ಕಟ್ಟು. ಮರಿ ಮೊಟ್ಟೆಯಿಂದ ಹೊರಬರುವ ಹೊತ್ತಿಗೆ ಎಳೆಗಳ ಸಂಖ್ಯೆ ಹೆಚ್ಚುಕಡಿಮೆ ನಿಗದಿಯಾಗಿರುತ್ತದೆ. ಆಮೇಲಿನ ಬೆಳವಣಿಗೆಯೆಲ್ಲ ಇರುವ ಎಳೆಗಳೇ ಉಬ್ಬುವುದರಿಂದ. ಎಳೆ ಉಬ್ಬಿದಷ್ಟೂ ನಡುವಿನ ಸೂಕ್ಷ್ಮ ರಕ್ತನಾಳಗಳಿಗೆ ಜಾಗ ಕಡಿಮೆ, ಎಳೆಯ ಒಳಭಾಗಕ್ಕೆ ಆಮ್ಲಜನಕ ಸಾಗಬೇಕಾದ ದೂರ ಜಾಸ್ತಿ. ಉಸಿರುಗಟ್ಟಿದ ಎಳೆಗಳು ಸಾಯುತ್ತವೆ. ರಿಪೇರಿ ಮಾಡುವ ಕೋಶಗಳಿಗೆ ಈ ಕೆಲಸ ಪೂರೈಸಲಾಗದೆ, ಖಾಲಿಯಾದ ಜಾಗವನ್ನು ಕೊಬ್ಬು ಮತ್ತು ನಾರಿನಂಥ ಗಟ್ಟಿ ಅಂಗಾಂಶ ತುಂಬಿಕೊಳ್ಳುತ್ತವೆ.

ಕೊಬ್ಬು ತುಂಬಿದ ಕಡೆ ಮಾಂಸದ ಮೇಲೆ ಬಿಳಿ ಗೆರೆ ಕಾಣುತ್ತದೆ. ನಾರು ಹೆಚ್ಚಾದರೆ ಎದೆ ಮರದಂತೆ ಬಿರುಸು. ಉದ್ಯಮದಲ್ಲಿ ಇದಕ್ಕೆ 'ವುಡನ್ ಬ್ರೆಸ್ಟ್' ಎಂದೇ ಹೆಸರು. ಇದು ಅಂಟುರೋಗವಲ್ಲ, ತಿಂದವರಿಗೆ ಹರಡುವುದೂ ಇಲ್ಲ, ಆದರೆ ಮಾಂಸ ಅಗಿಯಲು ಕಷ್ಟ, ಮಸಾಲೆ ನೀರನ್ನೂ ಸರಿಯಾಗಿ ಹಿಡಿದಿಟ್ಟುಕೊಳ್ಳುವುದಿಲ್ಲ.

ಹಾಗಂತ ಎಲ್ಲವನ್ನೂ ತಳಿಯ ತಲೆಗೇ ಕಟ್ಟುವಂತಿಲ್ಲ. ಅದೇ ತಳಿಗೆ ಆಹಾರ ಮಿತಿಗೊಳಿಸಿ ನಿಧಾನ ಬೆಳೆಸಿದರೆ ಈ ದೋಷ ಕಡಿಮೆಯಾಗುತ್ತದೆ.