ಮಣ್ಣುಶಾಸ್ತ್ರ ಬೆಳೆಯನ್ನು ಮರೆತುಬಿಟ್ಟಿತೇ?

ಪ್ರಶ್ನೆ: ನಾನು 1980ರ ದಶಕದಲ್ಲಿ ಕೃಷಿ ಪದವಿ ಓದಿದವನು. ಆಗ ಮಣ್ಣುಶಾಸ್ತ್ರ ಅಂದರೆ ರಸಸಾರ (ಪಿಎಚ್), ಸಾರಜನಕ, ರಂಜಕ, ಪೊಟ್ಯಾಷ್. ಈಗ ಮಗಳು ಅದೇ ವಿಷಯದಲ್ಲಿ ಎಂಎಸ್ಸಿ ಮಾಡುತ್ತಿದ್ದಾಳೆ. ಅವಳ ಬಾಯಲ್ಲಿ ಬರೀ ಇಂಗಾಲ, ಡಿಎನ್‌ಎ. ಬೆಳೆಯ ಮಾತೇ ಇಲ್ಲ. ಯಾಕೆ ಹೀಗೆ?
– ಓದುಗರೊಬ್ಬರು, ಹಾವೇರಿ

ಉತ್ತರ: ನೀವು ಓದುವಾಗ ಹೊಸ ತಳಿಗಳ ಕಾಲ. ಯಾವ ತಳಿಗೆ ಎಷ್ಟು ಗೊಬ್ಬರ ಅನ್ನುವುದೇ ದೊಡ್ಡ ಪ್ರಶ್ನೆಯಾಗಿತ್ತು. ಇಳುವರಿ ಏರಿದಂತೆ ಬೇರೆ ಕೊರತೆಗಳೂ ಹೊರಬಿದ್ದವು. ನಮ್ಮಲ್ಲಿ 2009ರಲ್ಲಿ ಶುರುವಾದ ಭೂಚೇತನ ಯೋಜನೆಯ ಪರೀಕ್ಷೆಗಳಲ್ಲಿ ಗಂಧಕ, ಸತು, ಬೋರಾನ್ ಕೊರತೆ ಎದ್ದು ಕಂಡಿತು. 2015ರಲ್ಲಿ ಬಂದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಮಣ್ಣಿನ 12 ಅಂಶಗಳ ಪರೀಕ್ಷೆ ಇದೆ.

ದೊಡ್ಡ ತಿರುವು ಮಾತ್ರ ಇಂಗಾಲದ್ದೇ. ವಾತಾವರಣದಲ್ಲಿ ಇರುವುದಕ್ಕಿಂತ ಜಾಸ್ತಿ ಇಂಗಾಲ ಮಣ್ಣಿನಲ್ಲಿದೆ. ಹವಾಮಾನದ ಚಿಂತೆ ಹೆಚ್ಚಿದಂತೆ, ಅದನ್ನು ಮಣ್ಣಿನಲ್ಲೇ ಉಳಿಸುವುದು ಹೇಗೆ ಎಂದು ಎಲ್ಲರೂ ಕೇಳತೊಡಗಿದರು.

ಇಲ್ಲೇ ನಿಮ್ಮ ಹಳೆಯ ಪಾಠವೊಂದು ಅಲುಗಾಡಿದೆ. ಕಸಕಡ್ಡಿ ಕೊಳೆತು, ಸೂಕ್ಷ್ಮಜೀವಿಗಳಿಗೂ ಸುಲಭವಾಗಿ ಜೀರ್ಣವಾಗದ ದೊಡ್ಡ ಅಣುಗಳಾಗುತ್ತದೆ, ಅದೇ ಹ್ಯೂಮಸ್ ಅಂತ ಓದಿದ್ದಿರಿ, ಅಲ್ವಾ? ಕಾಸ್ಟಿಕ್ ಸೋಡಾ ಹಾಕಿ ಅದನ್ನು ಮಣ್ಣಿನಿಂದ ತೆಗೆಯುತ್ತಿದ್ದರು. 2015ರಲ್ಲಿ ಲೇಮನ್ ಮತ್ತು ಕ್ಲೇಬರ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನೇ ಪ್ರಶ್ನಿಸಿದರು. ಕಾಸ್ಟಿಕ್ ಸೋಡಾದಲ್ಲಿ ಸಿಗುವ ವಸ್ತು ಮಣ್ಣಿನಲ್ಲಿ ಹಾಗೆಯೇ ಇರುತ್ತದೆ ಎನ್ನಲು ಪುರಾವೆ ಎಲ್ಲಿ ಎಂಬುದು ಅವರ ವಾದ. ಇಂಗಾಲ ಉಳಿಯುವುದು ಜೇಡಿ ಕಣಕ್ಕೆ ಅಂಟಿಕೊಂಡು, ಇಲ್ಲವೇ ಸಣ್ಣ ಹೆಂಟೆಗಳ ಒಳಗೆ ಸಿಕ್ಕಿಕೊಂಡು. ಸೂಕ್ಷ್ಮಜೀವಿಗೆ ಎಟುಕಿದರೆ ಅದೂ ಹೋಯಿತು. ಹ್ಯೂಮಸ್ ಪಕ್ಷದವರು ಇದನ್ನು ಪೂರ್ತಿ ಒಪ್ಪಿಲ್ಲ, ಜಗಳ ಇನ್ನೂ ಇದೆ. ನನಗೆ ಹೊಸ ವಾದವೇ ಹೆಚ್ಚು ಸರಿ ಅನ್ನಿಸುತ್ತದೆ. ಪದೇ ಪದೇ ಉತ್ತರೆ ಇಂಗಾಲ ಯಾಕೆ ಇಳಿಯುತ್ತದೆ ಎಂಬುದಕ್ಕೆ ಅದರಲ್ಲಿ ನೇರ ಉತ್ತರವಿದೆ: ಹೆಂಟೆ ಒಡೆಯುತ್ತದೆ, ಒಳಗಿದ್ದದ್ದು ಬಯಲಾಗುತ್ತದೆ.

ಇಂಗಾಲ ಉಳಿಯುವುದೂ ಹೋಗುವುದೂ ಸೂಕ್ಷ್ಮಜೀವಿಗಳ ಕೈಯಲ್ಲಿದ್ದರೆ, ಅವು ಯಾವುವು ಎಂದು ತಿಳಿಯಬೇಕಲ್ಲ. ಡಿಎನ್‌ಎ ಬಂದದ್ದು ಹೀಗೆ. ಮಣ್ಣಿನ ಬ್ಯಾಕ್ಟೀರಿಯಾಗಳಲ್ಲಿ ಬಹುಪಾಲು ಪ್ರಯೋಗಾಲಯದ ತಟ್ಟೆಯಲ್ಲಿ ಬೆಳೆಯುವುದೇ ಇಲ್ಲ. ಈಗ ಮಣ್ಣಿನಿಂದಲೇ ಡಿಎನ್‌ಎ ತೆಗೆದು ಯಾರ್‍ಯಾರು ಇದ್ದಾರೆ ಎಂದು ಪಟ್ಟಿ ಮಾಡಬಹುದು. ಅವರು ಏನು ಮಾಡುತ್ತಾರೆ ಅನ್ನುವುದು ಬೇರೆ ಮಾತು. ಸುಮ್ನೆ ಪಟ್ಟಿ ಕೊಟ್ಟು ಮುಗಿಸುವ ಪ್ರಬಂಧಗಳೂ ಸಾಕಷ್ಟಿವೆ.

ಉಪಗ್ರಹ ಮತ್ತು ಕಂಪ್ಯೂಟರ್ ನಕ್ಷೆಗಳೂ ಬಂದಿವೆ. 2017ರಲ್ಲಿ ಬಂದ ಒಂದು ಜಾಗತಿಕ ನಕ್ಷೆಯ ಪ್ರತಿ ಚೌಕ 250 ಮೀಟರ್, ಅಂದರೆ ಸುಮಾರು 15 ಎಕರೆ. ನಮ್ಮ ಎರಡು ಮೂರು ಎಕರೆ ಹಿಡುವಳಿಗೆ ಅದು ಸಾಲದು.

ಬೆಳೆ ಎಲ್ಲಿ ಹೋಯಿತು ಅಂದಿರಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ರಾಗಿ–ಮುಸುಕಿನ ಜೋಳದ ತಾಕುಗಳಿಗೆ 1986ರಿಂದ ಒಂದೇ ಲೆಕ್ಕದಲ್ಲಿ ಗೊಬ್ಬರ ಕೊಡುತ್ತಾ ಬಂದಿದ್ದಾರೆ. ಬರೀ ಸಾರಜನಕ ಕೊಟ್ಟಲ್ಲಿ ಇಳುವರಿ ಕುಸಿಯಿತು. ರಸಗೊಬ್ಬರದ ಜೊತೆ ಕೊಟ್ಟಿಗೆ ಗೊಬ್ಬರ ಬಿದ್ದಲ್ಲಿ ಇಳುವರಿ ಕುಸಿಯದೆ ಉಳಿಯಿತು, ಇಂಗಾಲವೂ ಅಲ್ಲೇ ಜಾಸ್ತಿ. ಇಂಗಾಲದ ಅಧ್ಯಯನ ಮಾಡುವವರಿಗೆ ಈಗ ಬೇಕಾಗಿರುವುದು ಇಂಥ ಹಳೆಯ ತಾಕುಗಳೇ. ಮಗಳಿಗೆ ಒಮ್ಮೆ ಹೋಗಿ ನೋಡಲು ಹೇಳಿ.